ಆಲ್ ವೀಲ್ ಡ್ರೈವ್ ಇದ್ದರೂ ಸರಪಳಿ ಬೇಕು

"ನಮ್ಮದು ಆಲ್ ವೀಲ್ ಡ್ರೈವ್, ಏನೂ ತೊಂದರೆಯಿಲ್ಲ" ಎಂದು ಕ್ಯಾಲಿಫೋರ್ನಿಯಾದ ಟಾಹೋ ಸರೋವರಕ್ಕೆ ಹೊರಟ ಕನ್ನಡಿಗರು ದಾರಿಯ ಕಾಲ್‌ಫ್ಯಾಕ್ಸ್ ಊರಿನ ಪೆಟ್ರೋಲ್ ಬಂಕಿನಲ್ಲಿ ಪೆಚ್ಚುಮೋರೆ ಹಾಕಿಕೊಂಡು ನಿಂತಿರುವುದನ್ನು ಈಗ ಮೂರು ಚಳಿಗಾಲ ಕಂಡಿದ್ದೇನೆ. ಅವರಿಗಿಂತ ಮೊದಲು ಅದೇ ಬಂಕಿನಲ್ಲಿ ನಿಂತವನು ನಾನು. ಎಂಜಿನ್ ನಾಲ್ಕೂ ಚಕ್ರವನ್ನು ತಿರುಗಿಸುವ ಕಾರಿನಲ್ಲೂ, ಹಿಮದಲ್ಲಿ ಜಾರದಂತೆ ಟೈರಿಗೆ ಕಟ್ಟುವ ಸರಪಳಿ ಇರಬೇಕೆಂದು ನಮಗೆ ಗೊತ್ತಿರಲಿಲ್ಲ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಟಾಹೋದಲ್ಲಿ ಎಲ್ಲಿ ಉಳಿಯಬೇಕು, ಮಕ್ಕಳಿಗೆ ಯಾವ ಜಾಕೆಟ್ ಕೊಳ್ಳಬೇಕು ಎಂಬುದೆಲ್ಲ ನಿಮಗೆ ಗೊತ್ತಿರುತ್ತದೆ. ರಸ್ತೆಯ ವಿಷಯ ಮಾತ್ರ ಹೇಳುತ್ತೇನೆ.

ಟಾಹೋ ದಾರಿಯ ಇಂಟರ್‌ಸ್ಟೇಟ್ 80 ಡಾನರ್ ಘಟ್ಟವನ್ನು ದಾಟುವುದು 7,239 ಅಡಿ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಸುಮಾರು 900 ಅಡಿ ಮೇಲೆ ಲಾರಿಗಳು ಓಡಾಡುವ ಹೆದ್ದಾರಿ ಅದು. 1846ರ ಚಳಿಗಾಲದಲ್ಲಿ ಅಲ್ಲಿ ಹಿಮಕ್ಕೆ ಸಿಕ್ಕಿಬಿದ್ದ ವಲಸಿಗರ ತಂಡದ ಹೆಸರೇ ಘಟ್ಟಕ್ಕೂ ಉಳಿದಿದೆ. ರಸ್ತೆ ಕ್ಯಾಲ್‌ಟ್ರಾನ್ಸ್‌ನದು, ಅಂದರೆ ರಾಜ್ಯದ ಸಾರಿಗೆ ಇಲಾಖೆಯದು. ರಸ್ತೆಯಲ್ಲಿ ನಿಮ್ಮನ್ನು ತಡೆದು ದಂಡ ಹಾಕುವ ಅಧಿಕಾರ ಹೆದ್ದಾರಿ ಗಸ್ತು ಪೊಲೀಸರದು.

ಇಲಾಖೆಯ ಲೆಕ್ಕಾಚಾರ ಅರ್ಥವಾದರೆ ಅರ್ಧ ಸಿಟ್ಟು ಇಳಿಯುತ್ತದೆ. ಹಿಮ ತಳ್ಳುವ ಯಂತ್ರಗಳು ನಿಲ್ಲದೆ ಓಡುತ್ತಿದ್ದರೆ ರಸ್ತೆ ಉಳಿಯುತ್ತದೆ. ಒಂದೇ ಒಂದು ಕಾರು ಜಾರಿ ಅಡ್ಡ ತಿರುಗಿದರೆ ಹಿಂದಿನ ಸಾಲು ನಿಲ್ಲುತ್ತದೆ, ಯಂತ್ರವೂ ಆ ಸಾಲಿನಲ್ಲೇ ಸಿಕ್ಕಿಕೊಳ್ಳುತ್ತದೆ, ಅಷ್ಟರಲ್ಲಿ ಇನ್ನೊಂದು ಪದರ ಹಿಮ ಬಿದ್ದಿರುತ್ತದೆ. ಆ ಒಂದು ಕಾರನ್ನು ಕೆಳಗೇ ತಡೆಯುವುದಕ್ಕಾಗಿಯೇ ಟೈರು, ಸರಪಳಿಗಳ ತಪಾಸಣೆ.

ಈ ಸರಪಳಿ ನಿಯಂತ್ರಣಕ್ಕೆ ಮೂರು ಹಂತಗಳಿವೆ. ಆರ್-1ರಲ್ಲಿ ಹಿಮದ ಟೈರು ಇರುವ ಸಾಮಾನ್ಯ ಕಾರುಗಳಿಗೆ ಸರಪಳಿ ಕಟ್ಟುವುದರಿಂದ ವಿನಾಯಿತಿ. ಆರ್-2ರಲ್ಲಿ ಆ ವಿನಾಯಿತಿ ಉಳಿಯುವುದು ನಾಲ್ಕೂ ಚಕ್ರಕ್ಕೆ ಹಿಮದ ಟೈರು ಹಾಕಿದ ಫೋರ್ ವೀಲ್ ಅಥವಾ ಆಲ್ ವೀಲ್ ಡ್ರೈವ್ ವಾಹನಗಳಿಗೆ ಮಾತ್ರ. ಆರ್-3ರಲ್ಲಿ ಯಾರಿಗೂ ವಿನಾಯಿತಿ ಇಲ್ಲ, ಆದರೆ ಅಲ್ಲಿಗೆ ಮುಟ್ಟುವ ಮೊದಲೇ ಸಾಮಾನ್ಯವಾಗಿ ರಸ್ತೆ ಮುಚ್ಚಿಬಿಡುತ್ತಾರೆ. 2024ರ ಮಾರ್ಚ್ ಆರಂಭದ ಹಿಮಬಿರುಗಾಳಿಯಲ್ಲಿ ಹಾಗೆಯೇ ದಿನಗಟ್ಟಲೆ ಮುಚ್ಚಿದ್ದರು. ಎಲ್ಲರೂ ಮರೆಯುವ ಸಾಲು ಇದು: ವಿನಾಯಿತಿ ಇರುವುದು ಕಟ್ಟುವುದರಿಂದ, ಒಯ್ಯುವುದರಿಂದಲ್ಲ. ನಿಯಂತ್ರಣ ಜಾರಿಯಲ್ಲಿರುವಾಗ ಆಲ್ ವೀಲ್ ಡ್ರೈವ್ ಕಾರಿನಲ್ಲೂ ಸರಪಳಿ ಇರಲೇಬೇಕು.

ಇನ್ನು ನನ್ನ ಕಥೆ. 2019ರ ಫೆಬ್ರುವರಿ, ಪ್ರೆಸಿಡೆಂಟ್ಸ್ ಡೇ ರಜೆ. ಬಾಡಿಗೆಗೆ ತಂದ ದೊಡ್ಡ ಕಾರು, ಹಿಂಬದಿಯಲ್ಲಿ ಆಲ್ ವೀಲ್ ಡ್ರೈವ್ ಎಂಬ ಹೊಳೆಯುವ ಅಕ್ಷರ. ತಪಾಸಣೆಯವನು ಆ ಅಕ್ಷರದ ಕಡೆ ನೋಡಲೂ ಇಲ್ಲ. ಟಾರ್ಚ್ ಹಿಡಿದು ಬಗ್ಗಿ ಟೈರಿನ ಪಕ್ಕೆಯ ಮೇಲೆ ಬೆರಳಾಡಿಸಿದ. ಅವನು ಹುಡುಕುತ್ತಿದ್ದದ್ದು 'ಎಂ+ಎಸ್' ಎಂಬ ಗುರುತು ಅಥವಾ ಹಿಮಹರಳಿನ ಚಿತ್ರ. ಅದಿದ್ದರೆ ಮಾತ್ರ ಅದು ಹಿಮದ ಟೈರು. ನಮ್ಮದರಲ್ಲಿ ಇರಲಿಲ್ಲ. ಕಾರು ತಿರುಗಿಸಿಕೊಂಡು ಬಂಕಿಗೆ ಬಂದೆವು. ಊರಿನಲ್ಲಿ 60 ಡಾಲರಿಗೆ ಸಿಗುತ್ತಿದ್ದ ಸರಪಳಿಗೆ 140 ತೆತ್ತೆ. ಕಟ್ಟಲು ಬಾರದೆ, ಸಂಖ್ಯೆ ಬರೆದ ಕವಚ ತೊಟ್ಟು ದಾರಿಬದಿಯಲ್ಲಿ ನಿಂತಿದ್ದ ಪರವಾನಗಿಯ ಸರಪಳಿ ಕಟ್ಟುವವನಿಗೆ ಮತ್ತೆ 50. ಅವರು ಇಲಾಖೆಯ ನೌಕರರಲ್ಲ, ಸ್ವಂತ ದುಡಿಮೆಯವರು. ಸರಪಳಿ ಮಾರುವಂತೆಯೂ ಇಲ್ಲ.

ನಿಜವಾದ ಪೆಟ್ಟು ಬಿದ್ದದ್ದು ಘಟ್ಟ ಇಳಿದ ಮೇಲೆ. ಟ್ರಕೀ ಪಟ್ಟಣ ದಾಟುವಾಗ ರಸ್ತೆ ಕಪ್ಪಗೆ ಕಾಣಿಸಿತು, ಮಕ್ಕಳು ಹಸಿವೆಂದರು, ನಾನು ಸರಪಳಿ ಬಿಚ್ಚದೆ 60 ಮೈಲಿ ವೇಗದಲ್ಲಿ ಬಿಟ್ಟೆ. ಸರಪಳಿ ಕಟ್ಟಿದಾಗ ಮಿತಿ 25ರಿಂದ 30. ಐದು ನಿಮಿಷವಾಗಿರಬೇಕು, ತಗಡಿನ ಡಬ್ಬಕ್ಕೆ ಯಾರೋ ದೊಣ್ಣೆಯಿಂದ ಬಡಿಯುತ್ತಿರುವಂಥ ಸದ್ದು. ತುಂಡಾದ ಕೊಂಡಿಯೊಂದು ಚಕ್ರದ ಜೊತೆ ತಿರುಗುತ್ತ ಒಳಗಿನ ಪ್ಲಾಸ್ಟಿಕ್ ಹೊದಿಕೆಯನ್ನು ಹರಿದು, ಮಡ್‌ಗಾರ್ಡಿನ ಅಂಚನ್ನೂ ಸೀಳಿತ್ತು. ಬಾಡಿಗೆ ಕಂಪನಿಯವರು ಒಪ್ಪಂದದ ಹಿಂಬದಿಯ ಒಂದು ಸಾಲು ತೋರಿಸಿದರು: ಈ ವಾಹನಕ್ಕೆ ಸರಪಳಿ ಕಟ್ಟುವಂತಿಲ್ಲ. ಆದ್ದರಿಂದ ನಾನು ಕೊಂಡಿದ್ದ ವಿಮೆಯೂ ಅನ್ವಯಿಸುವುದಿಲ್ಲ. ದುರಸ್ತಿಗೆ 680 ಡಾಲರ್, ನನ್ನ ಕೈಯಿಂದ. ಸರ್ಕಾರ ಸರಪಳಿ ಇಲ್ಲದೆ ಬಿಡುವುದಿಲ್ಲ, ಕಂಪನಿ ಸರಪಳಿ ಕಟ್ಟಬೇಡ ಎನ್ನುತ್ತದೆ. ನಡುವೆ ಸಿಕ್ಕಿದ ಅಡಕೆ ನೀವು. ಕಾರು ಬಾಡಿಗೆಗೆ ಪಡೆಯುವ ಮೊದಲೇ ಈ ಸಾಲನ್ನು ಓದಿ. ನಿಷೇಧವಿದ್ದರೆ ಟೈರಿನ ಗುರುತನ್ನು ಕಣ್ಣಾರೆ ನೋಡಿ, ಹವಾಮಾನ ಕೆಟ್ಟಿದ್ದರೆ ಪ್ರವಾಸವನ್ನೇ ಮುಂದೂಡಿ.

ಇನ್ನೊಬ್ಬ ಗೆಳೆಯ ಫ್ರಂಟ್ ವೀಲ್ ಡ್ರೈವ್ ಕಾರಿನ ಹಿಂದಿನ ಚಕ್ರಕ್ಕೆ ಸರಪಳಿ ಕಟ್ಟಿದ್ದ. ಎಂಜಿನ್ ತಿರುಗಿಸುವ ಚಕ್ರಕ್ಕೇ ಕಟ್ಟಬೇಕು. ಮನೆಯ ಮುಂದೆ, ಒಣ ನೆಲದಲ್ಲಿ, ಒಂದು ಸಲ ಕಟ್ಟಿ ಬಿಚ್ಚಿ ಅಭ್ಯಾಸ ಮಾಡಿ. ಕೈ ಮರಗಟ್ಟಿದಾಗ ಕಲಿಯುವ ವಿದ್ಯೆಯಲ್ಲ ಅದು.

ಹೊರಡುವ ಮೊದಲು ರಸ್ತೆಯ ಸ್ಥಿತಿ ತೋರಿಸುವ ಕ್ಯಾಲ್‌ಟ್ರಾನ್ಸ್‌ನ ಆನ್‌ಲೈನ್ ನಕ್ಷೆ ಕ್ವಿಕ್‌ಮ್ಯಾಪ್ ನೋಡಿ, ಇಲ್ಲವೇ 1-800-427-7623ಕ್ಕೆ ಕರೆ ಮಾಡಿ ರಸ್ತೆಯ ಸಂಖ್ಯೆ ಹೇಳಿ. ಹೆದ್ದಾರಿ ಮುಚ್ಚಿದೆಯೆಂದು ಮೊಬೈಲ್ ಬೇರೆ ದಾರಿ ತೋರಿಸಿದರೆ ದಯವಿಟ್ಟು ನಂಬಬೇಡಿ. ಅದು ತೋರಿಸುವ ಕಾಡುದಾರಿಯಲ್ಲಿ ಹಿಮ ತೆಗೆಯುವವರಿಲ್ಲ, ಮೊಬೈಲಿಗೆ ಸಿಗ್ನಲ್ಲೂ ಇರುವುದಿಲ್ಲ. ಘಟ್ಟವೇ ಮುಚ್ಚಿದ್ದರೆ ಸ್ಯಾಕ್ರಮೆಂಟೊದಲ್ಲಿ ಕೋಣೆ ಮಾಡಿ ಮಲಗಿ. ಟ್ಯಾಂಕ್ ತುಂಬಿರಲಿ, ಹಿಂದಿನ ಸೀಟಿನಲ್ಲಿ ಕಂಬಳಿ ಇರಲಿ, ಚಪಾತಿ ಚಟ್ನಿಪುಡಿ ಇದ್ದರೆ ಇನ್ನೂ ಒಳ್ಳೆಯದು.

ರಸ್ತೆಯ ವಿಷಯದಲ್ಲಿ ಅಮೆರಿಕದ್ದೋ ನಮ್ಮೂರಿನದೋ, ಯಾವ ವ್ಯವಸ್ಥೆ ಮೇಲು ಎಂದು ಮನೆಯಲ್ಲಿ ವಾದ ನಡೆಯುತ್ತಲೇ ಇರುತ್ತದೆ. 2024ರ ಜುಲೈಯಲ್ಲಿ ಶಿರಾಡಿ ಘಾಟಿಯ ದೊಡ್ಡತಪ್ಪಲು ಬಳಿ ಗುಡ್ಡ ಕುಸಿದಾಗ, ಮಂಗಳೂರಿಗೆ ಹೊರಟಿದ್ದ ನನ್ನ ಭಾವನಿಗೆ ವಿಷಯ ತಿಳಿದದ್ದು ಸಕಲೇಶಪುರಕ್ಕೆ ಮುಟ್ಟಿದ ಮೇಲೆ. ಮುಂದಾಗಿ ತಿಳಿಸುವುದರಲ್ಲಿ ಅಮೆರಿಕದ್ದೇ ಮೇಲು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಭಾವನಿಗೆ ಅಲ್ಲಿ ಯಾರೋ ಕರೆದು ಕಾಫಿ ಕೊಟ್ಟು, ಜಗಲಿಯಲ್ಲಿ ಮಲಗಲು ಜಾಗ ಮಾಡಿಕೊಟ್ಟರು. ಕಾಲ್‌ಫ್ಯಾಕ್ಸಿನಲ್ಲಿ ನಾನು ಶೌಚಾಲಯದ ಸಾಲಿನಲ್ಲೇ ಮುಕ್ಕಾಲು ಗಂಟೆ ನಿಂತಿದ್ದೆ.

ಸರಪಳಿಯನ್ನು ನವೆಂಬರಿನಲ್ಲೇ, ನಿಮ್ಮ ಟೈರಿನ ಅಳತೆ ಬರೆದುಕೊಂಡು ಹೋಗಿ ಕೊಳ್ಳಿ. ಬಳಸದೆ ಉಳಿದದ್ದನ್ನು ಚಳಿಗಾಲ ಮುಗಿದ ಮೇಲೆ ವಾಪಸ್ ತೆಗೆದುಕೊಳ್ಳುವ ಅಂಗಡಿಗಳೂ ಇವೆ. ಕೊಳ್ಳುವಾಗಲೇ ಕೇಳಿ, ರಸೀದಿಯನ್ನು ಕಾರಿನಲ್ಲಿ ಇಡಬೇಡಿ. ನನ್ನದು ಒದ್ದೆಯಾಗಿ ಅಕ್ಷರವೇ ಅಳಿಸಿಹೋಗಿತ್ತು.