ಮಾಜಿ ಸೈನಿಕರ ಸೇವಾ ದಾಖಲೆಯಲ್ಲಿ ಪತ್ನಿಯ ಹೆಸರನ್ನು ಸರಿಪಡಿಸಿಕೊಳ್ಳುವ ಕ್ರಮ

ಭೂಸೇನೆಯಿಂದ ನಿವೃತ್ತರಾದವರಿಗೆ ಕೊಡುವ, ಸೇವೆ ಮತ್ತು ಕುಟುಂಬದ ವಿವರಗಳಿರುವ ಡಿಸ್ಚಾರ್ಜ್ ಬುಕ್‌ನಲ್ಲಿ ಪತ್ನಿಯ ಹೆಸರು ‘ಗೌರಿ’ ಎಂದಿದ್ದು, ಆಧಾರ್‌ನಲ್ಲಿ ‘ಗೌರಮ್ಮ’ ಎಂದಿದ್ದರೆ, ಆ ವ್ಯತ್ಯಾಸವು ಮುಂದೆ ಕುಟುಂಬ ಪಿಂಚಣಿಯ ಹೊತ್ತಿಗೆ ತೊಡಕಾಗುವುದರಿಂದ, ಪಿಂಚಣಿದಾರರು ಬದುಕಿರುವಾಗಲೇ ಅದನ್ನು ಸರಿಪಡಿಸಿಕೊಳ್ಳುವುದು ಒಳಿತು.

ತಿದ್ದುಪಡಿಯ ಅರ್ಜಿಯನ್ನು ಬ್ಯಾಂಕಿಗಲ್ಲ, ಸೇವಾ ದಾಖಲೆಗಳನ್ನು ಕಾಯ್ದಿಡುವ ತಮ್ಮ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಸಲ್ಲಿಸಬೇಕು. ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರಿಗೆ ಅದು ಬೆಂಗಳೂರಿನಲ್ಲಿದೆ, ಮರಾಠಾ ಲಘು ಪದಾತಿದಳದವರಿಗೆ ಬೆಳಗಾವಿಯಲ್ಲಿದೆ. ಅರ್ಜಿಯಲ್ಲಿ ಸೇನಾ ಸಂಖ್ಯೆ, ಹುದ್ದೆ, ಈಗಿರುವ ನಮೂದು ಮತ್ತು ಬೇಕಾದ ನಮೂದನ್ನು ಅಕ್ಷರಶಃ ಬರೆದು, ಎರಡೂ ಹೆಸರುಗಳು ಒಬ್ಬರದೇ ಎಂದು ಸಾರುವ ಪ್ರಮಾಣಪತ್ರವನ್ನೂ (ಅಫಿಡವಿಟ್) ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಪಾವತಿ ಆದೇಶ), ಆಧಾರ್‌ಗಳ ಪ್ರತಿಗಳನ್ನೂ ಲಗತ್ತಿಸಬೇಕು. ಪ್ರಮಾಣಪತ್ರ ಯಾರ ಮುಂದೆ ಆಗಬೇಕು, ಯಾವ ನಮೂನೆಯಲ್ಲಿರಬೇಕು ಎಂಬುದನ್ನು ಜಿಲ್ಲೆಯ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಂಡರೆ ಅರ್ಜಿ ಮರಳಿ ಬರುವ ಪ್ರಸಂಗ ತಪ್ಪುತ್ತದೆ.

ರೆಕಾರ್ಡ್ ಆಫೀಸು ಒಪ್ಪಿದ ಬದಲಾವಣೆಯು, ಸೈನಿಕರ ವೈಯಕ್ತಿಕ ವಿವರಗಳ ಬದಲಾವಣೆಯನ್ನು ದಾಖಲಿಸುವ ಪಾರ್ಟ್–2 ಆದೇಶದಲ್ಲಿ ಪ್ರಕಟವಾಗುತ್ತದೆ. ಅದರ ಆಧಾರದ ಮೇಲೆ ಪ್ರಯಾಗ್‌ರಾಜ್‌ನ ಪಿಂಚಣಿ ಲೆಕ್ಕ ಕಚೇರಿಯಲ್ಲಿಯೂ ತಿದ್ದುಪಡಿಯಾಗಬೇಕು. ಹಲವರು ಪಾರ್ಟ್–2 ಆದೇಶ ಕೈಸೇರಿದೊಡನೆ ನಿಶ್ಚಿಂತರಾಗಿಬಿಡುತ್ತಾರೆ. ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಾದ ‘ಸ್ಪರ್ಶ್’ನಲ್ಲಿನ ತಮ್ಮ ಖಾತೆಯನ್ನು ತೆರೆದು ಅಲ್ಲಿಯೂ ಹೆಸರು ಬದಲಾಗಿದೆಯೇ ಎಂದು ನೋಡದೆ ಕಡತವನ್ನು ಮುಚ್ಚಿಡಬಾರದು.

ಡಿಸ್ಚಾರ್ಜ್ ಬುಕ್‌ನ ಮೇಲೆ ಸ್ವತಃ ಪೆನ್ನು ಆಡಿಸಬೇಡಿ, ಒಂದು ಅಕ್ಷರವನ್ನು ತಿದ್ದಿದರೂ ದಾಖಲೆಯೇ ಸಂಶಯಕ್ಕೆ ಗುರಿಯಾಗುತ್ತದೆ. ಸೈನಿಕರ ಸ್ವಂತ ಜನ್ಮದಿನಾಂಕದ ಮಾತು ಬೇರೆ: ಭರ್ತಿಯ ವೇಳೆ ನಮೂದಾದುದನ್ನು ನಿವೃತ್ತಿಯ ನಂತರ ಬದಲಿಸುವುದು ಬಹಳ ಕಷ್ಟ.