ಹಳೇ ಸ್ಪ್ರೇ ಪಂಪ್ ಇಂಜಿನ್‌ಗೆ ಕಾರ್ಬ್ಯುರೇಟರ್: ಅಳೆಯಬೇಕಾದ್ದು ಗಂಟಲು

ಕಾಳುಮೆಣಸಿಗೆ ಬೋರ್ಡೊ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಯುವ ಪಂಪಿನ 200 ಸಿಸಿ ಇಂಜಿನ್. ಕೊಡಗಿನ ಮಳೆಗಾಲ ಪೂರ್ತಿ ಪೆಟ್ರೋಲ್ ಇಳಿಸದೆ ಶೆಡ್ಡಲ್ಲಿಟ್ಟಿದ್ದಕ್ಕೆ ಪೆಟ್ರೋಲಿನಲ್ಲಿ ಬೆರೆಸಿದ ಎಥನಾಲ್ ನೀರು ಹೀರಿ, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲೊಳಗೆ ಬಿಳಿ ಪುಡಿ. ಜೆಟ್ (ಪೆಟ್ರೋಲ್ ಏಳುವ ಸಣ್ಣ ತೂತಿನ ತುಂಡು) ಕೂರುವ ಥ್ರೆಡ್ಡೇ ತಿಂದುಹೋಗಿತ್ತು. ಇದು ತೊಳೆದರೆ ಹೋಗುವ ರೋಗವಲ್ಲ.

ಮೊದಲು ತಂದ ಹೊಸ ಕಾರ್ಬ್ಯುರೇಟರಿಗೆ ಬೋಲ್ಟ್ ತೂತು ಹೊಂದಿತು, ಗಂಟಲು (ಒಳಗೆ ಗಾಳಿ ಹಾಯುವ ಕಿರಿದಾದ ಜಾಗ) ಮಾತ್ರ 22 ಮಿ.ಮೀ.; ಹಳೆಯದು 16. ಗಂಟಲು ಅಗಲವಾದರೆ ಗಾಳಿಯ ವೇಗ ಇಳಿದು ಜೆಟ್ಟಿನಿಂದ ಪೆಟ್ರೋಲ್ ಸರಿಯಾಗಿ ಏಳುವುದಿಲ್ಲ: ಐಡಲ್‌ನಲ್ಲಿ (ಲೋಡಿಲ್ಲದ ನಿಧಾನ ಓಟ) ಇಂಜಿನ್ ಆರಿಹೋಗುತ್ತದೆ, ಥ್ರಾಟಲ್ ಕೊಟ್ಟರೆ ಬಿಕ್ಕುತ್ತದೆ. ಬಾಯಿ ಅಳೆದು ಮೋಸ ಹೋಗಬೇಡಿ. ಗಂಟಲಿಗೇ ಡ್ರಿಲ್ ಬಿಟ್ಟಿನ ಹಿಂಬದಿ ತೂರಿಸಿ ನೋಡಿ.

16ರದ್ದೇ ಕೂರಿಸಿದೆ. ಇಂಜಿನ್ ಮತ್ತು ಕಾರ್ಬ್ಯುರೇಟರ್ ನಡುವಿನ ಬೇಕಲೈಟ್ (ಶಾಖ ತಡೆಯುವ ಗಟ್ಟಿ ಪ್ಲಾಸ್ಟಿಕ್) ತುಂಡು ಹಾಕದೆ ಬಿಟ್ಟರೆ ಬಿಸಿಗೆ ಬಟ್ಟಲಲ್ಲೇ ಪೆಟ್ರೋಲ್ ಆವಿಯಾಗುತ್ತೆ. ಮುಖ್ಯ ಜೆಟ್ಟಿನ ಸೂಜಿ ತಿರುಪನ್ನು ಮೆಲ್ಲಗೆ ಮುಚ್ಚಿ, ಒಂದೂವರೆ ಸುತ್ತು ಬಿಚ್ಚಿ ಸ್ಟಾರ್ಟ್ ಮಾಡಿ. ಹತ್ತು ನಿಮಿಷ ಲೋಡಿನಲ್ಲಿ ಓಡಿಸಿ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ: ಕಪ್ಪು ಮಸಿಯಿದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗಿದ್ದರೆ ಕಡಿಮೆ. ಕಾಫಿಪುಡಿ ಬಣ್ಣ ಬರುವವರೆಗೆ ಸೂಜಿ ತಿರುಪನ್ನು ಕಾಲು ಸುತ್ತಿನಂತೆ ತಿರುಗಿಸಿ: ಹೆಚ್ಚಿದ್ದರೆ ಮುಚ್ಚುವ ಕಡೆ, ಕಡಿಮೆಯಿದ್ದರೆ ಬಿಚ್ಚುವ ಕಡೆ.