ತಾರೆ ಮರದ ಪೊಟರೆ ನನ್ನ ಪದ್ಯಕ್ಕೆ ಬಂದಿದ್ದು

ಮರ-ಹಕ್ಕಿ ಪದ್ಯ ಇನ್ನು ಸಾಕು ಮಾರಾಯ ಅಂತ ನಮ್ಮ ಗೋಷ್ಠಿ ಗೆಳೆಯರೇ ಅಂದಿದ್ರು, ಭಾಮಿನಿ ಷಟ್ಪದೀಲಿ, ಅಂದ್ರೆ ಆರು ಸಾಲಿನ ಹಳೇ ಛಂದಸ್ಸಲ್ಲಿ ಬರೀತೇನೆ ಅಂದಾಗಂತೂ ಯಕ್ಷಗಾನ ಪ್ರಸಂಗ ಮಾಡ್ತೀಯಾ ಅಂತ ನಗಾಡಿದ್ರು. ಈಗ ಹನ್ನೆರಡು ಷಟ್ಪದಿ ಆಗಿದೆ, ಓದಿದ ಕಡೆಯೆಲ್ಲ ಇನ್ನೊಂದ್ಸಲ ಓದಿ ಅಂತಾರೆ, ಅದ್ಕೇ ಬರೀತಿದೇನೆ.

ಮೊದಲು ನಾನೂ ಮರ ತಾಯಿ, ಹಕ್ಕಿ ಮಗಳು, ಗೂಡು ತವರು ಅಂತಲೇ ಒಂದು ನಲವತ್ತು ಪದ್ಯ ಬರೆದು ಪುಸ್ತಕ ಮಾಡ್ದೆ. 300 ಪ್ರತಿ, ಡಿಟಿಪಿ, ಮುಖಪುಟ ಎಲ್ಲ ಸೇರಿ 32 ಸಾವಿರದ ಹತ್ತಿರ, ಆ ವರ್ಷದ ಅಡಿಕೆ ದುಡ್ಡು ಅದು. ಹೋಗಿದ್ದು ಎಪ್ಪತ್ತೋ ಎಂಬತ್ತೋ, ಅದ್ರಲ್ಲೂ ಅರ್ಧ ಪುಕ್ಕಟೆ. ಉಳಿದಿದ್ದಕ್ಕೆ ಅಟ್ಟದಲ್ಲಿ ಒರಲೆ ಹಿಡೀತು.

ಆಮೇಲೆ ಒಂದು ಫೆಬ್ರವರೀಲಿ ನಮ್ಮ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರೋ ಕಾಡು) ತಾರೆ ಮರದಲ್ಲಿ, ಅದೇ ತಾರೆಕಾಯಿ ಮರ, ಬೂದು ಮಂಗಟ್ಟೆ ಅನ್ನೋ ಹಾರ್ನ್‌ಬಿಲ್ ಹಕ್ಕಿ ಗೂಡು ಹಾಕ್ತು. ಈ ಹಕ್ಕಿಗೆ ಮರ ಕೊರೆಯೋಕೆ ಬರೋದಿಲ್ಲ, ಕೊಂಬೆ ಮುರಿದು ಕೊಳೆತಂಥ ಪೊಟರೆ ಮೊದಲೇ ಇರ್ಬೇಕು, ಅಂದ್ರೆ ಮರಕ್ಕೆ ಗಾಯ ಆಗದೆ ಇವಕ್ಕೆ ಸಂಸಾರ ಇಲ್ಲ. ಹೆಣ್ಣು ಒಳಗೆ ಹೋಗಿ ತನ್ನ ಹಿಕ್ಕೆಯಿಂದಲೇ ಪೊಟರೆ ಬಾಯಿ ಮೆತ್ತಿಕೊಂಡು, ಒಂದು ಸಣ್ಣ ಸೀಳು ಮಾತ್ರ ಬಿಟ್ಟು ಹತ್ತಿರತ್ತಿರ ಮೂರು ತಿಂಗಳು ಕೂರ್ತದೆ. ಗಂಡು ಬಂದು ತೊಗಟೆ ಕಚ್ಚಿ ನಿಂತು ಗಂಟಲಿಂದ ಒಂದೊಂದೇ ಹಣ್ಣು ಮೇಲೆ ತಂದು ಕೊಕ್ಕಿನ ತುದೀಲಿ ಹಿಡಿದು ಆ ಸೀಳಿಗೆ ದಾಟಿಸ್ತದೆ. ಬೆಳಿಗ್ಗೆ ಆರರಿಂದ ಹನ್ನೊಂದರೊಳಗೆ ಐದಾರು ಸಲ ಬರ್ತಿತ್ತು ಅಂತ ನೆನಪು. ಅಪ್ಪಯ್ಯ ತೋಟದಿಂದ ಬರ್ತಾ ನೋಡಿ, ಮರ ಮಾತಾಡ್ತನಾ ತಮಾ, ಗೊನೆ ಕೊಯ್ಸೋದು ಬಿಟ್ಟು ಇಲ್ಲಿ ಕೂತಿದ್ಯಲ ಅಂದ್ರು.

ಮರ ಮಾತಾಡೋದಿಲ್ಲ, ನನ್ನ ನಲವತ್ತು ಪದ್ಯ ಕೆಟ್ಟಿದ್ದೇ ಅಲ್ಲಿ.

ಆಗ ಹೊಳೆದಿದ್ದು ಇಷ್ಟೆ, ಷಟ್ಪದಿಯ ಹದಿನಾಲ್ಕು ಮಾತ್ರೆಯ (ಮಾತ್ರೆ ಅಂದ್ರೆ ಉಚ್ಚಾರದ ಅಳತೆ) ಗಿಡ್ಡ ಸಾಲು ನಾಲ್ಕೂ ಮರಕ್ಕೆ, ಮೂರನೇ ಮತ್ತು ಆರನೇ ಉದ್ದ ಸಾಲು ಗಂಡಿಗೆ, ಅದು ಹಾರಿ ಬರೋದು ಆ ಸಾಲಲ್ಲೇ. ಹಾಗೆ, ಅಂತೆ, ಥರ ಅನ್ನೋ ಪದ ಎಲ್ಲೂ ಇಲ್ಲ. ಶುರು ಹೀಗಿದೆ:

ಮುರಿದ ಕೊಂಬೆಯ ಗಾಯದೊಳಗಡೆ
ಕೊರೆದ ಕತ್ತಲು, ಮಳೆಗೆ ಕೊಳೆತುದು

ಹೆಣ್ಣಿನ ಹೆಸರೇ ಎತ್ತಿಲ್ಲ, ಆದ್ರೂ ಕೇಳಿದವರಿಗೆ ಒಳಗೆ ಯಾರೋ ಇದ್ದಾರೆ ಅಂತ ಗೊತ್ತಾಗ್ತದೆ. ಅದನ್ನ ಹೇಗೆ ಮಾಡ್ದೆ ಅಂತ ಮಾತ್ರ ಕೇಳ್ಬೇಡಿ, ಮುಂದಿನ ಪುಸ್ತಕಕ್ಕೂ ಬೇಕು ಅದು. ಸೀಳಿನ ಕೆಳಗೆ ಬಿದ್ದ ಬೀಜ ಮೊಳೆತಿತ್ತು, ಕೊನೇ ಷಟ್ಪದಿ ಪೂರಾ ಆ ಸಸಿಗಳದ್ದೇ.

ನಡುವೆ ಕಾರವಾರದ ಕಡೆ ಗೀಜಗನ ಮೇಲೂ ಒಂದು ಪದ್ಯಕ್ಕೆ ಕೈ ಹಾಕಿದ್ದೆ. ಗಂಡು ತೆಂಗಿನ ಗರಿ ಸೀಳಿ ತಂದು ಅರ್ಧ ಗೂಡು ನೇಯ್ತದೆ, ಹೆಣ್ಣು ಬಂದು ನೋಡಿ ಒಪ್ಪದಿದ್ರೆ ಅದು ಅರ್ಧಕ್ಕೇ ಜೋತಾಡ್ತದೆ, ನಾನೂ ಪದ್ಯಾನ ಅರ್ಧಕ್ಕೇ ಬಿಟ್ಟು ನೋಡ್ದೆ. ಸಂಪಾದಕರು ಉಳಿದ ಪುಟ ಕಳಿಸಿ ಅಂದ್ರು. ಬಸ್ಸು, ಊಟ ಅಂತ ಎರಡು ಸಾವಿರ ದಂಡ.

ಮೊನ್ನೆ ಶಿರಸೀಲಿ ಓದಿ ಇಳಿದ ಮೇಲೆ ಒಬ್ಬ ಹಿರಿಯರು ಬಂದು ಪದ್ಯದ ಸುದ್ದಿ ಎತ್ತದೆ, ತಾರೆ ಮರ ಯಾವ ಬೆಟ್ಟದ್ದು ಅಂತ ಕೇಳಿದ್ರು. ಅದನ್ನೂ ಹೇಳ್ಲಿಲ್ಲ. ಅವರ ಬೆಟ್ಟದಲ್ಲೂ ಒಂದು ಪೊಟರೆ ಇದೆಯಂತೆ, ಜನವರೀಲಿ ಬನ್ನಿ ಅಂದಿದ್ದಾರೆ.